ಓಟಿಗೆ ಬರುವ ನರ್ಸ್‌ಗೆ ‘ನಿಲ್ಲಿಸಿ’ ಅನ್ನುವುದನ್ನೂ ಕಲಿಸಿ

ಆಸ್ಪತ್ರೆ ನಡೆಸುವವರಿಗೆ, ಸರ್ಜನ್‌ಗಳಿಗೆ, ನರ್ಸಿಂಗ್ ಕಲಿಸುವ ಎಲ್ಲರಿಗೂ,

ನಮಸ್ಕಾರ.

ನಾನೊಬ್ಬಳು ಓಟಿ ನರ್ಸ್. ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಳೆದಿದ್ದೇನೆ. ಈಗ ಹೊಸದಾಗಿ ಬರುವವರಿಗೆ ಕೆಲಸ ಕಲಿಸುವುದೂ ನನ್ನ ಪಾಲಿಗೆ ಬಂದಿದೆ. ಅವರನ್ನು ನೋಡಿದಾಗಲೆಲ್ಲ ನನ್ನ ಮೊದಲ ವರ್ಷ ನೆನಪಾಗುತ್ತದೆ. ಅದಕ್ಕೇ ಈ ಪತ್ರ.

ಓಟಿಗೆ ಸೇರಿ ಮೂರು ತಿಂಗಳಾಗಿತ್ತು. ಅವತ್ತು ಕರುಳಿನ ಆಪರೇಷನ್. ನಾನು ಸರ್ಕ್ಯುಲೇಟಿಂಗ್ ನರ್ಸ್, ಅಂದರೆ ಸ್ಟೆರೈಲ್ (ರೋಗಾಣು ಒಂದೂ ಇಲ್ಲದ) ಗೌನು ಹಾಕದೆ ಸುತ್ತ ಓಡಾಡಿಕೊಂಡು ಬೇಕಾದ್ದನ್ನು ತೆಗೆದುಕೊಡುವವಳು. ನಡುವೆ ಸರ್ಜನ್ ಮೇಲಿನ ಲೈಟು ಸರಿ ಮಾಡಲು ಕೈ ಎತ್ತಿದರು. ಲೈಟಿನ ಹಿಡಿಗೆ ಸ್ಟೆರೈಲ್ ಕವರ್ ಇತ್ತು. ಆದರೆ ಅವರ ಕಿರುಬೆರಳು ಕವರ್ ದಾಟಿ ಪಕ್ಕದ ಬರೀ ಲೋಹಕ್ಕೆ ತಾಗಿತು. ಒಂದೇ ಕ್ಷಣ. ಅವರ ಕಣ್ಣು ಹೊಟ್ಟೆಯ ಮೇಲಿತ್ತು, ಅವರಿಗೆ ಗೊತ್ತಾಗಲಿಲ್ಲ. ಗೌನು ಹಾಕಿ ಸರ್ಜನ್ ಪಕ್ಕದಲ್ಲೇ ನಿಂತು ಸಾಮಾನು ಕೊಡುವ ಸ್ಕ್ರಬ್ ನರ್ಸ್ ಸೂಜಿಗೆ ದಾರ ಹಿಡಿಸುತ್ತಿದ್ದರು, ಅವರೂ ನೋಡಲಿಲ್ಲ. ನಾನು ನೋಡಿದೆ. ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರು ಯಾವುದೋ ಕ್ಲ್ಯಾಂಪ್ ತಡವಾಯಿತು ಅಂತ ರೇಗಿದರು. ನಾನು ಬಾಯಿ ಮುಚ್ಚಿಕೊಂಡೆ. ಅದೇ ಕೈ ಮತ್ತೆ ಹೊಟ್ಟೆಯೊಳಗೆ ಹೋಯಿತು.

ಎಂಟು ದಿನ ಆದ ಮೇಲೆ ವಾರ್ಡಿನ ಸಿಸ್ಟರ್ ಒಬ್ಬರು ಮಾತಿನ ನಡುವೆ ಹೇಳಿದರು, ಆ ರೋಗಿಯ ಹೊಲಿಗೆ ಬಿಚ್ಚಿದ್ದಾರೆ, ಕೀವು ಬರುತ್ತಿದೆ ಅಂತ. ಆ ಕಿರುಬೆರಳಿನಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಕರುಳು ತೆರೆದ ಮೇಲೆ ಸೋಂಕು ಬರಲು ಹತ್ತಾರು ದಾರಿ ಇರುತ್ತವೆ. ಆದರೆ ಒಂದು ದಾರಿಯನ್ನು ಮುಚ್ಚುವ ಅವಕಾಶ ನನ್ನ ಕೈಯಲ್ಲಿತ್ತು, ನಾನು ಮುಚ್ಚಲಿಲ್ಲ. ಅದು ಇವತ್ತಿಗೂ ಕಾಡುತ್ತದೆ.

ಯಾಕೆ ಸುಮ್ಮನಿದ್ದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಹೆದರಿಕೆ ಇತ್ತು, ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ. ಗ್ಲೌಸ್ ಹೇಗೆ ಹಾಕಬೇಕು ಅಂತ ನನಗೆ ಕಲಿಸಿದ್ದರು. ಗೌನಿನ ಮುಂಭಾಗದಲ್ಲಿ ಎದೆಯಿಂದ ಟೇಬಲ್ ಮಟ್ಟದವರೆಗೆ ಮಾತ್ರ ಸ್ಟೆರೈಲ್, ಬೆನ್ನ ಕಡೆ ಸ್ಟೆರೈಲ್ ಅಲ್ಲ ಅಂತ ಕಲಿಸಿದ್ದರು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಇಪ್ಪತ್ತು ವರ್ಷ ದೊಡ್ಡವರ ಗ್ಲೌಸ್ ಅನ್‌ಸ್ಟೆರೈಲ್ ಆಗಿದ್ದು ಕಂಡರೆ ಯಾವ ಮಾತಿನಲ್ಲಿ, ಎಷ್ಟು ಜೋರಾಗಿ, ಯಾವ ಕ್ಷಣದಲ್ಲಿ ಹೇಳಬೇಕು ಅಂತ ಮಾತ್ರ ಯಾರೂ ಕಲಿಸಿರಲಿಲ್ಲ. ಹೇಳಿದರೆ ಯಾರು ನನ್ನ ಹಿಂದೆ ನಿಲ್ಲುತ್ತಾರೆ ಅಂತಲೂ ತಿಳಿಸಿರಲಿಲ್ಲ.

ನಿಮ್ಮ ಆಸ್ಪತ್ರೆಗಳಲ್ಲಿ ಟ್ರೇನಿಂಗ್ ನಡೆಯುತ್ತಿದೆ ಅನ್ನುವುದು ನನಗೆ ಗೊತ್ತು. ವರ್ಷಕ್ಕೆ ಒಂದು ದಿನ ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ತೋರಿಸುತ್ತಾರೆ, ಕೊನೆಗೆ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ನೈಟ್ ಡ್ಯೂಟಿ ಮುಗಿಸಿ ಬಂದವರು ಅಲ್ಲೇ ತೂಕಡಿಸುತ್ತಾರೆ, ಅವರನ್ನು ಬೈಯುವ ಹಾಗೂ ಇಲ್ಲ. ಮರುದಿನ ಓಟಿಯಲ್ಲಿ ಹೊಸಬರು ಕಲಿಯುವುದು ಸ್ಲೈಡಿನಿಂದ ಅಲ್ಲ, ಪಕ್ಕದಲ್ಲಿ ನಿಂತವರಿಂದ. ಪಕ್ಕದಲ್ಲಿ ನಿಂತವರು ಸ್ಕ್ರಬ್ ಅನ್ನು (ಆಪರೇಷನ್‌ಗೆ ಮುಂಚೆ ಕೈ ತೊಳೆಯುವುದನ್ನು) ಒಂದೇ ನಿಮಿಷದಲ್ಲಿ ಮುಗಿಸಿದರೆ ಇವರೂ ಒಂದೇ ನಿಮಿಷದಲ್ಲಿ ಮುಗಿಸುತ್ತಾರೆ. ಹೀಗೆ ತಪ್ಪೂ ಒಬ್ಬರಿಂದ ಒಬ್ಬರಿಗೆ ಸೋಂಕಿನ ಹಾಗೇ ಹರಡುತ್ತದೆ.

ಕಣ್ಣಿಗೆ ಕಾಣುವ ಹಾಗೆ ಕಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಕೈಗೆ ಹಚ್ಚುವ ಒಂದು ಕ್ರೀಮ್ ಸಿಗುತ್ತದೆ. ಮಾಮೂಲಿ ಬೆಳಕಲ್ಲಿ ಅದು ಕಾಣುವುದಿಲ್ಲ, ಅಲ್ಟ್ರಾವೈಲೆಟ್ ದೀಪದ ಕೆಳಗೆ ಹೊಳೆಯುತ್ತದೆ. ಹೊಸ ಬ್ಯಾಚ್ ಬಂದಾಗ ಎಲ್ಲರ ಕೈಗೂ ಹಚ್ಚಿಸಿ, ನೀವು ದಿನಾ ಮಾಡುವ ಹಾಗೇ ಕೈ ತೊಳೆದು ಬನ್ನಿ ಅನ್ನುತ್ತೇನೆ. ಆಮೇಲೆ ಕೋಣೆಯ ಲೈಟ್ ಆರಿಸಿ ದೀಪದ ಕೆಳಗೆ ಕೈ ಇಡಿಸುತ್ತೇನೆ. ಅಂಗೈ ಕಪ್ಪಗಿರುತ್ತದೆ, ಅಂದರೆ ಶುದ್ಧ. ಹೆಬ್ಬೆರಳಿನ ಬುಡ ಮಾತ್ರ ಹೊಳೆಯುತ್ತಿರುತ್ತದೆ. ಉಗುರಿನ ಸುತ್ತ ಒಂದು ಗೆರೆ. ಬೆರಳ ಸಂದಿಯಲ್ಲಿ ಚುಕ್ಕಿ ಚುಕ್ಕಿ. ಬಲಗೈಯವರಾಗಿದ್ದರೆ ಬಲಗೈಯಲ್ಲೇ ಜಾಸ್ತಿ ಉಳಿದಿರುತ್ತದೆ, ಯಾಕೆಂದರೆ ಅದನ್ನು ಉಜ್ಜಬೇಕಾದದ್ದು ಅಷ್ಟು ಚುರುಕಿಲ್ಲದ ಎಡಗೈ. ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರೂ ಹೇಳದೆಯೇ ಮತ್ತೆ ಸಿಂಕಿನ ಕಡೆ ಹೋಗುತ್ತಾರೆ. ಅರ್ಧ ಗಂಟೆಯ ಈ ಪಾಠವನ್ನು ಅವರು ವರ್ಷಗಟ್ಟಲೆ ಮರೆಯುವುದಿಲ್ಲ. ಹಳಬರಿಗೂ ಮಾಡಿಸಿ, ಅವರ ಕೈಯಲ್ಲೂ ಹೊಳೆಯುತ್ತದೆ. ನನ್ನ ಕೈಯಲ್ಲೂ ಹೊಳೆದಿದೆ.

ಅಂದ ಹಾಗೆ, ಆಪರೇಷನ್‌ಗೆ ಕೈ ತೊಳೆಯುವಾಗ ಹತ್ತು ನಿಮಿಷ ಗಟ್ಟಿ ಬ್ರಷ್‌ನಿಂದ ತಿಕ್ಕಬೇಕು ಅಂತ ಇನ್ನೂ ಕೆಲವು ಕಡೆ ಹೇಳಿಕೊಡುತ್ತಾರೆ. ಬೇಡ. ಸರಿಯಾದ ಸೋಪಿನಲ್ಲಿ 2ರಿಂದ 5 ನಿಮಿಷ ಸರಿಯಾಗಿ ಮಾಡಿದರೆ ಸಾಕು. ಬ್ರಷ್ ಚರ್ಮವನ್ನು ಕೆರೆದು ಗಾಯ ಮಾಡುತ್ತದೆ, ಗಾಯವಾದ ಚರ್ಮದಲ್ಲಿ ಬ್ಯಾಕ್ಟೀರಿಯಾ ಇನ್ನೂ ಜಾಸ್ತಿ ಮನೆ ಮಾಡುತ್ತವೆ. ಹಳೆ ಪಾಠಗಳನ್ನು ಬಿಡಿಸುವುದೂ ಟ್ರೇನಿಂಗೇ ಅಲ್ವಾ?

ನರ್ಸ್‌ನ ಕೈಯ ಚರ್ಮದ ಮಾತು ಬಂದಾಗ ನನಗೆ ಕ್ಯಾರೊಲಿನ್ ಹ್ಯಾಂಪ್ಟನ್ ನೆನಪಾಗುತ್ತಾರೆ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಓಟಿ ನರ್ಸ್ ಅವರು. 1889ರಲ್ಲಿ, ಕೈ ಶುದ್ಧ ಮಾಡಿಕೊಳ್ಳಲು ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಅವರ ಕೈಯೆಲ್ಲ ಸುಟ್ಟಂತಾಗಿತ್ತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ರಬ್ಬರ್ ಕಂಪನಿಗೆ ಹೇಳಿ ಅವರಿಗಾಗಿ ತೆಳು ರಬ್ಬರಿನ ಗ್ಲೌಸ್ ಮಾಡಿಸಿದರು. ರೋಗಿಯನ್ನು ಕಾಪಾಡಲು ಅಂತ ಅಲ್ಲ, ಒಬ್ಬ ನರ್ಸ್‌ನ ಕೈ ಉಳಿಸಲು. ಕೆಲವು ವರ್ಷ ಕಳೆದು ಓಟಿಯಲ್ಲಿ ಎಲ್ಲರೂ ಗ್ಲೌಸ್ ಹಾಕತೊಡಗಿದ ಮೇಲೆ ಗಾಯದ ಸೋಂಕು ಕಡಿಮೆಯಾದದ್ದು ಲೆಕ್ಕಕ್ಕೆ ಬಂತು. ಲೆಕ್ಕ ಇಟ್ಟಿದ್ದರಿಂದ ಗೊತ್ತಾಯಿತು.

ನಮ್ಮಲ್ಲಿ ಇಲ್ಲದಿರುವುದು ಆ ಲೆಕ್ಕವೇ. ಓಟಿ ಸೋಂಕಿನ ದೊಡ್ಡ ಕಷ್ಟ ಏನೆಂದರೆ ಅದು ಓಟಿಯಲ್ಲಿ ಕಾಣುವುದಿಲ್ಲ. ಟೈಲರ್ ಹೊಲಿದ ಅಂಗಿ ಬಿಗಿಯಾದರೆ ಹಾಕಿದ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ಆಪರೇಷನ್ ಆಗಿ 30 ದಿನದೊಳಗೆ, ಒಳಗೆ ಇಂಪ್ಲಾಂಟ್ (ಕೃತಕ ಕೀಲಿನಂಥದ್ದು) ಇಟ್ಟಿದ್ದರೆ 90 ದಿನದೊಳಗೆ ಬಂದರೂ ಅದು ಆಪರೇಷನ್‌ನ ಸೋಂಕು ಅಂತಲೇ ಲೆಕ್ಕ. ಅಷ್ಟರಲ್ಲಿ ರೋಗಿ ಮನೆಗೆ ಹೋಗಿರುತ್ತಾರೆ, ಎಷ್ಟೋ ಸಲ ಬೇರೆ ಡಾಕ್ಟರ ಹತ್ತಿರ ಡ್ರೆಸಿಂಗ್ ಮಾಡಿಸಿಕೊಳ್ಳುತ್ತಿರುತ್ತಾರೆ. ಓಟಿ ನರ್ಸ್ ಇನ್ನೂರು ಕೇಸ್ ಮುಂದೆ ಹೋಗಿರುತ್ತಾಳೆ. ತನ್ನ ಕೈಯಿಂದ ಏನಾಯಿತು ಅನ್ನುವುದು ಅವಳ ಕಿವಿಗೆ ಬೀಳುವುದೇ ಇಲ್ಲ. ತಪ್ಪಿನ ಫಲ ಕಾಣದ ಕಡೆ ಯಾರು ತಾನೇ ತಿದ್ದಿಕೊಳ್ಳುತ್ತಾರೆ? ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಪರೇಷನ್ ಆದ 100 ಜನರಲ್ಲಿ ಸುಮಾರು 11 ಮಂದಿಗೆ ಗಾಯದ ಸೋಂಕು ತಗುಲುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಓಟಿ ನರ್ಸ್ ಯಾರನ್ನಾದರೂ ಕೇಳಿ, ನಮ್ಮಲ್ಲಿ ಸೋಂಕು ಇಲ್ಲ ಅಂತಲೇ ಹೇಳುತ್ತಾಳೆ. ಸುಳ್ಳು ಹೇಳುತ್ತಿಲ್ಲ ಅವಳು. ಅವಳಿಗೆ ಯಾರೂ ತಿಳಿಸಿಯೇ ಇಲ್ಲ.

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಡಾಕ್ಟರ್ ಇಗ್ನಾಜ್ ಸೆಮೆಲ್‌ವೈಸ್ ಮಾಡಿದ್ದೂ ಮೊದಲು ಲೆಕ್ಕವನ್ನೇ. ಸೂಲಗಿತ್ತಿಯರ ವಾರ್ಡಿಗಿಂತ ಡಾಕ್ಟರ್ ಮತ್ತು ವಿದ್ಯಾರ್ಥಿಗಳ ವಾರ್ಡಿನಲ್ಲಿ ಜಾಸ್ತಿ ಬಾಣಂತಿಯರು ಸಾಯುತ್ತಿದ್ದರು. ಶವ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದುದು ಕಾರಣ ಅಂತ ಊಹಿಸಿ, ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಆ ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18 ಇದ್ದ ಸಾವು ಜೂನ್ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿಯಿತು. ಎರಡೂ ವಾರ್ಡಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿರದಿದ್ದರೆ ಆ ಊಹೆ ಹುಟ್ಟುತ್ತಲೇ ಇರಲಿಲ್ಲ.

ಅದಕ್ಕೆ ನನ್ನ ಮೊದಲ ಬೇಡಿಕೆ ಇದು. ತಿಂಗಳಿಗೊಮ್ಮೆ ಓಟಿಯವರನ್ನು ಕೂರಿಸಿ ಹೇಳಿ, ಹೋದ ತಿಂಗಳು ಇಷ್ಟು ಕೇಸ್ ಆಯಿತು, ಇಷ್ಟು ಜನರ ಗಾಯ ಕೀವಾಯಿತು, ಯಾವ ಯಾವ ಆಪರೇಷನ್, ಅವತ್ತು ಓಟಿಯಲ್ಲಿ ಏನೇನಾಗಿತ್ತು ಅಂತ. ಡಿಸ್ಚಾರ್ಜ್ ಆದವರಿಗೆ ಫೋನ್ ಮಾಡಿ ಕೇಳಲು ಒಬ್ಬರನ್ನು ಇಡಿ. ಆದರೆ ಬೈಯುವ ಸಭೆ ಮಾಡಬೇಡಿ. ಒಂದು ಸಲ ಬೈದರೆ ಎರಡನೇ ತಿಂಗಳಿಂದ ಎಲ್ಲರೂ ಮುಚ್ಚಿಡುತ್ತಾರೆ.

ಇನ್ನು ಆಟೋಕ್ಲೇವ್, ಅಂದರೆ ಆಪರೇಷನ್ ಸಾಮಾನನ್ನು ಬಿಸಿ ಹಬೆಯಲ್ಲಿ ಸ್ಟೆರೈಲ್ ಮಾಡುವ ಮಷೀನಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ತಪ್ಪು ತಿಳಿವಳಿಕೆ ತುಂಬಾ ಇದೆ. ಹೊಸಬರಿಗೆ ಸಾಮಾನ್ಯವಾಗಿ ಹೇಳಿಕೊಡುವುದು ಒಂದೇ ಮಾತು: ಪ್ಯಾಕ್ ಮೇಲಿನ ಟೇಪ್‌ನಲ್ಲಿ ಕಪ್ಪು ಗೆರೆ ಬಂದಿದ್ದರೆ ಸ್ಟೆರೈಲ್. ಹಾಗಲ್ಲ. ಆ ಗೆರೆ ಹೇಳುವುದು ಪ್ಯಾಕ್ ಮಷೀನಿನೊಳಗೆ ಹೋಗಿ ಬಿಸಿ ಕಂಡು ಬಂದಿದೆ ಅಂತ ಮಾತ್ರ. ಒಳಗಿರುವ ಕತ್ತರಿಗೆ ಹಬೆ ಮುಟ್ಟಿದೆಯಾ, 134 ಡಿಗ್ರಿಯಲ್ಲಿ ಬೇಕಾದಷ್ಟು ನಿಮಿಷ ನಿಂತಿದೆಯಾ ಅನ್ನುವುದು ಹೊರಗಿನ ಟೇಪ್‌ಗೆ ಗೊತ್ತಿಲ್ಲ. ಅದಕ್ಕೆ ಪ್ಯಾಕಿನ ಒಳಗೂ ಬಣ್ಣ ಬದಲಿಸಿ ತೋರಿಸುವ ಇಂಡಿಕೇಟರ್ ಇಡಬೇಕು. ಗಾಳಿಯನ್ನು ಎಳೆದು ತೆಗೆಯುವ ಮಷೀನ್ ಆದರೆ ಬೆಳಗ್ಗೆ ಮೊದಲ ಲೋಡ್‌ಗೆ ಮುಂಚೆ ಗಾಳಿ ಪೂರ್ತಿ ಹೋಗುತ್ತಿದೆಯಾ ಅಂತ ನೋಡುವ ಬೋವಿ ಡಿಕ್ ಟೆಸ್ಟ್ ಮಾಡಬೇಕು, ಒಳಗೆ ಗಾಳಿ ಉಳಿದರೆ ಹಬೆ ಅಲ್ಲಿಗೆ ನುಗ್ಗುವುದಿಲ್ಲ. ಆಗಾಗ ಸ್ಪೋರ್ ಟೆಸ್ಟ್ ಬೇಕು, ಸಾಯಿಸಲು ತುಂಬಾ ಕಷ್ಟವಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳನ್ನೇ ಒಳಗಿಟ್ಟು ಅವು ಸತ್ತವಾ ಅಂತ ನೋಡುವುದು. ಒದ್ದೆ ಪ್ಯಾಕ್ ಬಂದರೆ ಒಣಗಿಸಿ ಬಳಸುವ ಹಾಗಿಲ್ಲ, ವಾಪಸ್ ಕಳಿಸಬೇಕು.

ಒಂದು ಸಲ ಹೊಸ ಹುಡುಗನೊಬ್ಬನ ಮುಂದೆ ಸೀಲ್ ಇದ್ದ ಸೆಟ್ ಬಿಚ್ಚಿದೆ. ಟೇಪ್ ಕಪ್ಪಾಗಿತ್ತು, ತಾರೀಕು ಸರಿ ಇತ್ತು. ಒಂದು ಆರ್ಟರಿ ಫೋರ್ಸೆಪ್ಸ್ (ರಕ್ತನಾಳ ಹಿಡಿಯುವ ಇಕ್ಕಳ) ತೆಗೆದು ಬಾಯಿ ಅಗಲ ಮಾಡಿ ಕೀಲಿನ ಹತ್ತಿರ ತೋರಿಸಿದೆ. ಕಂದು ಬಣ್ಣದ ಒಂದು ಸಣ್ಣ ಗೆರೆ. ಒಣಗಿದ ರಕ್ತ. ಹೋದ ಕೇಸಿನದ್ದೋ ಅದರ ಹಿಂದಿನದ್ದೋ. ತೊಳೆದವರು ಕೀಲು ಬಿಚ್ಚದೆ ತೊಳೆದಿದ್ದರು, ಪ್ಯಾಕ್ ಮಾಡಿದವರು ಲಾಕ್ ಹಾಕಿಯೇ ಪ್ಯಾಕ್ ಮಾಡಿದ್ದರು. ಕೊಳೆ ಮುಚ್ಚಿದ ಜಾಗಕ್ಕೆ ಹಬೆ ಮುಟ್ಟುವುದಿಲ್ಲ, ಎಷ್ಟು ಹೊತ್ತು ಇಟ್ಟರೂ ಅಷ್ಟೇ. ಸ್ಟೆರಿಲೈಸ್ ಮಾಡುವ ಮುಂಚೆ ತೊಳೆಯುವುದೇ ಅರ್ಧ ಕೆಲಸ ಅನ್ನುವುದು ಅವನಿಗೆ ಅವತ್ತು ತಿಳಿಯಿತು. ಅವತ್ತಿಂದ ಅವನು ಕೇಸ್ ನಡೆಯುವಾಗಲೇ ಬಳಸಿದ ಸಾಮಾನನ್ನು ಒದ್ದೆ ಗಾಜ್‌ನಲ್ಲಿ ಒರೆಸಿ ಇಡುತ್ತಾನೆ, ರಕ್ತ ಒಣಗಲು ಬಿಡುವುದಿಲ್ಲ. ತೊಳೆಯುವ ಕೋಣೆಯಲ್ಲಿ ಕೆಲಸ ಮಾಡುವವರನ್ನು, ನೆಲ ಒರೆಸುವವರನ್ನು, ಟೆಕ್ನಿಷಿಯನ್‌ಗಳನ್ನು ಟ್ರೇನಿಂಗಿಗೆ ಕರೆಯದೆ ನರ್ಸ್‌ಗಳನ್ನು ಮಾತ್ರ ಕರೆದರೆ ಏನೂ ಪ್ರಯೋಜನವಿಲ್ಲ ಅನ್ನುವುದಕ್ಕೆ ಆ ಕಂದು ಗೆರೆಯೇ ಸಾಕ್ಷಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕೂದಲು ತೆಗೆಯಲೇಬೇಕಾದರೆ ಕ್ಲಿಪ್ಪರ್ ಬಳಸಿ, ರೇಜರ್ ಬೇಡ, ಅದು ಚರ್ಮದ ಮೇಲೆ ಕಣ್ಣಿಗೆ ಕಾಣದ ಗಾಯ ಮಾಡುತ್ತದೆ. ಆಂಟಿಬಯೋಟಿಕ್ ಚರ್ಮ ಕೊಯ್ಯುವ ಮುಂಚಿನ 120 ನಿಮಿಷದೊಳಗೆ, ಸೆಫಜೋಲಿನ್‌ನಂಥದ್ದಾದರೆ 60 ನಿಮಿಷದೊಳಗೆ ಹೋಗಬೇಕು, ವಾರ್ಡಿನಲ್ಲಿ ಬೆಳಗ್ಗೆ ಆರಕ್ಕೆ ಕೊಟ್ಟು ಹನ್ನೊಂದಕ್ಕೆ ಕೇಸ್ ತೆಗೆದುಕೊಂಡರೆ ಕೊಟ್ಟೂ ದಂಡ. ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಇರುವ ಔಷಧಿ ತಾನಾಗಿ ಒಣಗಬೇಕು, ಆತುರಕ್ಕೆ ಗಾಜ್‌ನಿಂದ ಒರೆಸಬಾರದು. ಒಣಗದೆ ಕಾಟರಿ (ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಸಾಧನ) ಹಚ್ಚಿದರೆ ಬೆಂಕಿಯ ಭಯವೂ ಇದೆ. ರೋಗಿಯನ್ನು ಬೆಚ್ಚಗಿಡುವುದು ಸೋಂಕು ತಡೆಯುವ ಕೆಲಸ ಅಂತ ಎಷ್ಟೋ ಜನರಿಗೆ ಅನ್ನಿಸುವುದೇ ಇಲ್ಲ. 1996ರಲ್ಲಿ ಬಂದ ಅಧ್ಯಯನದಲ್ಲಿ ಕರುಳಿನ ಆಪರೇಷನ್ ಆದ 200 ಜನರನ್ನು ನೋಡಿದರು. ಮೈ ತಣ್ಣಗಾಗಲು ಬಿಟ್ಟವರಲ್ಲಿ ನೂರಕ್ಕೆ 19 ಮಂದಿಗೆ ಗಾಯದ ಸೋಂಕು ಬಂತು, ಬೆಚ್ಚಗಿಟ್ಟವರಲ್ಲಿ 6. ಬರೀ ಹೊದಿಕೆ, ಬೆಚ್ಚಗಿನ ದ್ರಾವಣ, ಥರ್ಮಾಮೀಟರ್ ಮೇಲೆ ಒಂದು ಕಣ್ಣು. ಇದನ್ನು ಮಾಡುವವರು ನರ್ಸ್‌ಗಳೇ. ಕಾರಣ ತಿಳಿಸಿದರೆ ಮನಸ್ಸಿಟ್ಟು ಮಾಡುತ್ತಾರೆ.

ಬಾಗಿಲಿನ ಬಗ್ಗೆಯೂ ಒಂದು ಮಾತು. ಓಟಿಯೊಳಗಿನ ಗಾಳಿಯ ಒತ್ತಡ ಹೊರಗಿಗಿಂತ ಸ್ವಲ್ಪ ಜಾಸ್ತಿ ಇರುತ್ತದೆ, ಹೊರಗಿನ ಧೂಳು ಒಳಗೆ ಬರಬಾರದು ಅಂತ. ಬಾಗಿಲು ತೆರೆದಾಗಲೆಲ್ಲ ಆ ಒತ್ತಡ ಬೀಳುತ್ತದೆ. ಜಾಸ್ತಿ ಸಲ ಹೊರಗೆ ಓಡುವವಳು ಸರ್ಕ್ಯುಲೇಟಿಂಗ್ ನರ್ಸೇ, ಒಪ್ಪುತ್ತೇನೆ. ಆದರೆ ಅವಳು ಓಡುವುದು ಯಾಕೆ? ಯಾವ ಸೈಜಿನ ಮೆಶ್ (ಒಳಗೆ ಹೊಲಿಯುವ ಬಲೆ) ಬೇಕು, ಯಾವ ಹೊಲಿಗೆ ದಾರ ಬೇಕು ಅಂತ ಮೊದಲೇ ಯಾರೂ ಹೇಳಿರುವುದಿಲ್ಲ. ಸರ್ಜನ್‌ಗಳೇ, ಕೇಸ್‌ಗೆ ಮುಂಚೆ ನಮ್ಮ ಜೊತೆ ಎರಡು ನಿಮಿಷ ಮಾತಾಡಿ. ನಾವು ಹತ್ತು ಸಲ ಬಾಗಿಲು ತೆರೆಯುವುದು ತಪ್ಪುತ್ತದೆ.

ಈಗ ಮೊದಲಿನ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಕಲಿತ ನರ್ಸ್ ತಪ್ಪು ಕಂಡಾಗ ಬಾಯಿ ಬಿಡದಿದ್ದರೆ ಕಲಿತದ್ದು ಅವಳ ಒಳಗೇ ಉಳಿಯುತ್ತದೆ. 2001ರಲ್ಲಿ ಅದೇ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಡಾಕ್ಟರ್ ಪೀಟರ್ ಪ್ರೊನೊವೋಸ್ಟ್ ಐಸಿಯುನಲ್ಲಿ ದೊಡ್ಡ ರಕ್ತನಾಳಕ್ಕೆ ಲೈನ್ ಹಾಕುವಾಗ ಮಾಡಬೇಕಾದ ಐದು ಕೆಲಸಗಳ ಪಟ್ಟಿ ಮಾಡಿದರು. ಕೈ ತೊಳೆಯುವುದು, ಚರ್ಮ ಶುದ್ಧ ಮಾಡುವುದು, ಹೀಗೆ ಎಲ್ಲರಿಗೂ ಗೊತ್ತಿದ್ದ ವಿಷಯಗಳೇ. ಹೊಸದು ಇದ್ದದ್ದು ಒಂದೇ: ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ ನಿಲ್ಲಿಸುವ ಅಧಿಕಾರವನ್ನು ನರ್ಸ್‌ಗೆ ಕೊಟ್ಟರು, ಆಡಳಿತದವರು ಅದರ ಹಿಂದೆ ನಿಂತರು. ಮುಂದೆ ಅಮೆರಿಕದ ಮಿಶಿಗನ್ ರಾಜ್ಯದ ನೂರಕ್ಕಿಂತ ಜಾಸ್ತಿ ಐಸಿಯುಗಳಲ್ಲಿ ಇದನ್ನೇ ಮಾಡಿದಾಗ ಲೈನ್ ಸೋಂಕು ಮೂರನೇ ಒಂದು ಭಾಗಕ್ಕೆ ಇಳಿಯಿತು. ಓಟಿಗೂ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಚೆಕ್‌ಲಿಸ್ಟ್ ಕೊಟ್ಟಿದೆ. ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿದಾಗ ನೂರಕ್ಕೆ 11 ಜನರಿಗೆ ಆಗುತ್ತಿದ್ದ ತೊಂದರೆ 7ಕ್ಕೆ ಬಂತು. ಆದರೆ ಆ ಕಾಗದವನ್ನು ಕೇಸ್ ಮುಗಿದ ಮೇಲೆ ಕೂತು ಟಿಕ್ ಹಾಕಿ ಫೈಲಿಗೆ ಸೇರಿಸುವುದನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಬಾಯಿಬಿಟ್ಟು ಓದಬೇಕಾದ ಕಾಗದ ಅದು.

ನಾವು ಈಗ ಹೇಗೆ ಅಭ್ಯಾಸ ಮಾಡಿಸುತ್ತೇವೆ ಗೊತ್ತಾ? ಆಪರೇಷನ್ ಲಿಸ್ಟ್ ಇಲ್ಲದ ಹೊತ್ತಲ್ಲಿ ಖಾಲಿ ಓಟಿಯಲ್ಲಿ ಡ್ರೇಪ್ (ರೋಗಿಗೆ ಹೊದಿಸುವ ಸ್ಟೆರೈಲ್ ಬಟ್ಟೆ) ಹಾಕಿ, ಟ್ರಾಲಿ ಹಾಕಿ, ಕೇಸ್ ನಡೆದ ಹಾಗೇ ನಿಲ್ಲುತ್ತೇವೆ. ಒಬ್ಬರು ಸರ್ಜನ್ ಆಗುತ್ತಾರೆ, ನಿಜವಾದ ಸರ್ಜನ್ ಬಂದರೆ ಇನ್ನೂ ಒಳ್ಳೆಯದು. ಅವರು ಬೇಕಂತಲೇ ತಪ್ಪು ಮಾಡುತ್ತಾರೆ. ಗೌನಿನ ತೋಳು ಟ್ರಾಲಿಯ ಅಂಚಿನ ಕೆಳಗೆ ತಾಗಿಸುತ್ತಾರೆ, ಕೈ ಸೊಂಟದ ಕೆಳಗೆ ಇಳಿಸುತ್ತಾರೆ. ಹೊಸಬರು ಅದನ್ನು ಹಿಡಿದು ಗಟ್ಟಿಯಾಗಿ ಹೇಳಬೇಕು. ಹೇಳಬೇಕಾದ್ದು ಎರಡೇ ಪದ: “ಗ್ಲೌಸ್ ಬದಲಿಸಿ.” ಸಾರಿ ಸಾರ್, ತಪ್ಪು ತಿಳಿಯಬೇಡಿ ಸಾರ್, ಏನೂ ಬೇಡ. ಹೇಳಿದ ಮೇಲೆ ಸರ್ಜನ್ ಯಾಕೆ ಅಂತ ಕೇಳುವ ಹಾಗಿಲ್ಲ, ನನಗೇನೂ ತಾಗಿಲ್ಲ ಅಂತ ವಾದ ಮಾಡುವ ಹಾಗಿಲ್ಲ. ಅನುಮಾನ ಬಂದರೆ ಅನ್‌ಸ್ಟೆರೈಲ್ ಅಂತಲೇ ಲೆಕ್ಕ. ಮೊದಲ ದಿನ ಹುಡುಗಿಯರ ದನಿ ಮಾಸ್ಕಿನೊಳಗೇ ಉಳಿದುಬಿಡುತ್ತದೆ. ಐದಾರು ಸಲ ಆದ ಮೇಲೆ ಕೋಣೆಯ ಆ ತುದಿಗೆ ಕೇಳಿಸುತ್ತದೆ.

ಹೋದ ವರ್ಷ ಹಾಗೆ ಅಭ್ಯಾಸ ಮಾಡಿದ್ದ ಹುಡುಗಿಯೊಬ್ಬಳು ಸೊಂಟದ ಕೀಲಿನ ಆಪರೇಷನ್ ನಡುವೆ ನಮ್ಮ ಎಲ್ಲರಿಗಿಂತ ಹಿರಿಯ ಸರ್ಜನ್‌ಗೆ ಆ ಎರಡು ಪದ ಹೇಳಿದಳು. ಅವರು ಒಂದು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಮುಂದೆ ಚಾಚಿದರು. ಅವಳು ಹೊರಗಿನ ಗ್ಲೌಸ್ ಎಳೆದಳು, ಸ್ಕ್ರಬ್ ನರ್ಸ್ ಹೊಸದು ತೊಡಿಸಿದರು. ಅರ್ಧ ನಿಮಿಷವೂ ಆಗಲಿಲ್ಲ. ಅವರು “ಥ್ಯಾಂಕ್ಸಮ್ಮಾ” ಅಂದು ಕೆಲಸ ಮುಂದುವರಿಸಿದರು. ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ, ಕಣ್ಣು ತುಂಬಿ ಬಂತು.

ಇದಕ್ಕೆಲ್ಲ ಸಮಯ ಬೇಕು, ಜನ ಬೇಕು. ಹೊಸ ನರ್ಸ್‌ಗೆ ಕನಿಷ್ಠ ಮೂರು ತಿಂಗಳು ಒಬ್ಬ ಹಿರಿಯರ ಜೊತೆ ಬಿಡಿ, ಮೂರನೇ ದಿನವೇ ಒಂಟಿಯಾಗಿ ಕೇಸ್‌ಗೆ ನಿಲ್ಲಿಸಬೇಡಿ. ಕಲಿತವರನ್ನು ಆರು ತಿಂಗಳಿಗೊಮ್ಮೆ ಬೇರೆ ವಾರ್ಡಿಗೆ ಹಾಕಿ ಮತ್ತೆ ಹೊಸಬರನ್ನು ತರಬೇಡಿ. ಎರಡು ಕೇಸಿನ ನಡುವೆ ಟೇಬಲ್, ನೆಲ, ಲೈಟು ಒರೆಸಲು ಬೇಕಾದ ಸಮಯವನ್ನು ಲಿಸ್ಟ್‌ನಲ್ಲೇ ಬರೆಯಿರಿ. ನರ್ಸಿಂಗ್ ಕಾಲೇಜಿನವರು ಅಸೆಪ್ಸಿಸ್ (ರೋಗಾಣು ಸೇರದಂತೆ ಕೆಲಸ ಮಾಡುವುದು) ಬಗ್ಗೆ ಟಿಪ್ಪಣಿ ಬರೆಸುವುದರ ಜೊತೆಗೆ ಕೈ ನೋಡಿ ಅಂಕ ಕೊಡಿ.

ಮತ್ತೆ, ಈ ಪತ್ರ ಓದಿದ ಮೇಲೆ ಸಾಧ್ಯವಾದರೆ ಒಂದು ಕೆಲಸ ಮಾಡಿ. ನಾಳೆ ನಿಮ್ಮ ಓಟಿಗೆ ಹೋಗಿ, ಅಲ್ಲಿರುವ ಎಲ್ಲರಿಗಿಂತ ಹೊಸ ನರ್ಸ್ ಯಾರು ಅಂತ ಕೇಳಿ. ಅವರನ್ನು ಪಕ್ಕಕ್ಕೆ ಕರೆದು, ಕೊನೆಯ ಸಲ ಯಾವಾಗ ಯಾರಿಗೆ ‘ಗ್ಲೌಸ್ ಬದಲಿಸಿ’ ಅಂದಿರಿ, ಆಮೇಲೆ ಏನಾಯಿತು ಅಂತ ಕೇಳಿ. ಅವರು ಉತ್ತರ ಹೇಳುವ ಮುಂಚೆ ಬಾಗಿಲ ಕಡೆ ಒಮ್ಮೆ ನೋಡಿದರೆ, ಅಲ್ಲಿಂದಲೇ ಶುರು ಮಾಡಿ.

ಇಂತಿ,
ಒಬ್ಬ ಓಟಿ ನರ್ಸ್